ಗೃಹಪ್ರವೇಶದ ಕರೆಯೋಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಪ್ರಾಣಿ. ಇಪ್ಪತ್ತೆಂಟು ವರ್ಷ ಹ್ಯೂಸ್ಟನ್ನಿನಲ್ಲಿ ಅರಿವಳಿಕೆ ಡಾಕ್ಟರಾಗಿ ಕೆಲಸ ಮಾಡಿದವಳು. ಆಪರೇಷನ್ನಿಗೆ ಮಲಗಿದವರನ್ನು ನಿದ್ದೆ ಮಾಡಿಸುವ ಮೊದಲು ಸಿಲಿಂಡರ್ ನೋಡಬೇಕು, ಕೊಳವೆ ನೋಡಬೇಕು, ನರ್ಸು ‘ನೋಡಿದ್ದೇನೆ’ ಅಂದರೂ ಮತ್ತೊಮ್ಮೆ ನಾನೇ ನೋಡಬೇಕು. ಆ ಚಾಳಿ ಆಸ್ಪತ್ರೆಯಲ್ಲೇ ಉಳಿಯದೆ ನನ್ನ ಜೊತೆ ಮನೆಗೂ ಬಂತು. ನನ್ನ ಗಂಡ ಪ್ರಹ್ಲಾದ್ ಮೈಸೂರಿನವರು, ಯಾರು ಏನು ಹೇಳಿದರೂ ‘ಹೌದಾ’ ಅನ್ನುವವರು. ನಾನು ಧಾರವಾಡದವಳು, ಯಾರು ಏನು ಹೇಳಿದರೂ ‘ಯಾಕೆ’ ಅನ್ನುವವಳು. ಹೀಗೇ ಮೂವತ್ತಾರು ವರ್ಷ ಕಳೆದಿದ್ದೇವೆ.

ಹಾಗಾಗಿ ಹೋದ ಜನವರಿಯಲ್ಲಿ ನಮ್ಮ ವಕೀಲೆ ಡೆಲ್ಗಾಡೊ ಫೋನ್ ಮಾಡಿ, ಗೆದ್ದ ಕೇಸು ಅಪಾಯದಲ್ಲಿದೆ, ಎದುರು ಕಂಪನಿಯವರ ಕೈಗೆ ನಿಮ್ಮ ಮೈಸೂರು ಮನೆಯ ಗೃಹಪ್ರವೇಶದ ಕಾರ್ಡು ಸಿಕ್ಕಿದೆ ಅಂದಾಗ, ಕಾನೂನೇನು ಎಂದು ನಾನು ಕೇಳಲೇ ಇಲ್ಲ. ಕಾರ್ಡು ಕೊಟ್ಟವರು ಯಾರು ಅಂತ ಕೇಳಿದೆ. ಅದು ಪೂರ್ತಿ ಕನ್ನಡದಲ್ಲಿದ್ದ ಕಾರ್ಡು. ಕನ್ನಡ ಬಾರದವರ ಕೈಗೆ ಅದು ತಾನಾಗಿ ನಡೆದುಕೊಂಡು ಹೋಗಲು ಸಾಧ್ಯವಿಲ್ಲ, ನಮ್ಮವರೇ ಯಾರೋ ಕೊಟ್ಟಿದ್ದಾರೆ. ಆ ಕ್ಷಣದಿಂದ ನನ್ನ ತಲೆಯಲ್ಲಿ ಬೇರೆ ಏನೂ ನಿಲ್ಲಲಿಲ್ಲ.

ಕೇಸಿನ ವಿಷಯ ಹೇಳಬೇಕು. 2020ರ ದೀಪಾವಳಿಗೆ ಹ್ಯೂಸ್ಟನ್ನಿನ ಅಂಚಿನ ಕ್ಲಿಯರ್ ಲೇಕ್‌ನ ನಮ್ಮ ಮನೆಯಲ್ಲಿ ಹೋಳಿಗೆಗೆಂದು ಕಡಲೆಬೇಳೆ ಬೇಯಲು ಇಟ್ಟಿದ್ದೆ. ಕರೆಂಟಿನ ಪ್ರೆಶರ್ ಕುಕ್ಕರ್, ತಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಸ್ವಿಚ್ ಆರಿಸಿ, ಆವಿಯೆಲ್ಲ ಹೋದಂತೆ ಕಂಡ ಮೇಲೆ ಬಟ್ಟೆ ಹಿಡಿದು ಪಕ್ಕಕ್ಕೆ ಸರಿಸಲು ಹೋದೆ, ಅಷ್ಟೇ. ಮುಚ್ಚಳ ಹಾರಿತು. ಕುದಿಯುತ್ತಿದ್ದ ಬೇಳೆ ಬಲಗೈ ಮೇಲೆ ಮೊಣಕೈತನಕ ಬಿತ್ತು. ನಾಲ್ಕು ಆಪರೇಷನ್ ಆದವು. ಈಗಲೂ ಹೆಬ್ಬೆರಳು ತೋರುಬೆರಳನ್ನು ಮುಟ್ಟುವುದಿಲ್ಲ. ಸೂಜಿ ಹಿಡಿಯಲಾರದ ಅರಿವಳಿಕೆ ಡಾಕ್ಟರನ್ನು ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ, ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಕುಕ್ಕರ್ ತಯಾರಿಸಿದ ಒಹಾಯೊದ ಕಂಪನಿ ನನ್ನ ಪತ್ರಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟಿತು: ಮುಚ್ಚಳ ತಾನಾಗಿ ತೆರೆಯುವುದಿಲ್ಲ, ಬಳಸಿದವರು ಅವಸರಪಟ್ಟು ತಿರುಗಿಸಿರಬೇಕು. ಅವಸರ! ಕೈ ಸುಟ್ಟಿದ್ದಕ್ಕಿಂತ ಆ ಮಾತು ಹೆಚ್ಚು ಸುಟ್ಟಿತು. ಅದಕ್ಕಿಂತ ಕೆಟ್ಟದ್ದೆಂದರೆ ನಮ್ಮವರೂ ಅದನ್ನೇ ನಂಬಿದರು. ಮೈಸೂರಿನಿಂದ ನಾದಿನಿ ‘ಒಂಚೂರು ತಾಳಬೇಕಿತ್ತು ಅತ್ತಿಗೆ’ ಅಂದಳು. ನೋಡಲು ಬಂದವರೆಲ್ಲ ಸಮಾಧಾನ ಹೇಳುವ ನೆಪದಲ್ಲಿ ಹಬ್ಬದ ಗಡಿಬಿಡಿ ಅಂತಲೇ ಮಾತು ಮುಗಿಸುತ್ತಿದ್ದರು. ಪ್ರಹ್ಲಾದ್ ‘ಆಗಿದ್ದು ಆಯ್ತು ಬಿಡು’ ಅನ್ನುತ್ತಿದ್ದರು. ನಿನ್ನ ತಪ್ಪು ಅನ್ನಲಿಲ್ಲ, ನಿನ್ನ ತಪ್ಪಲ್ಲ ಅಂತಲೂ ಅನ್ನಲಿಲ್ಲ. ಅದನ್ನೂ ನಾನು ಮರೆತಿರಲಿಲ್ಲ.

2022ರ ಮಾರ್ಚಿನಲ್ಲಿ ಹ್ಯೂಸ್ಟನ್ನಿನ ಫೆಡರಲ್ ಕೋರ್ಟಿನಲ್ಲಿ ಕೇಸು ಹಾಕಿದೆವು. 2024ರ ನವೆಂಬರಿನಲ್ಲಿ ಎಂಟು ಜನ ಜ್ಯೂರಿಗಳು, ಅಲ್ಲಿಯತನಕ ನನ್ನ ಮುಖವನ್ನೇ ಕಾಣದಿದ್ದ ಸಾಮಾನ್ಯ ಜನ, ಒಂಬತ್ತು ದಿನ ಕೂತು ಕೇಳಿ, ಎಲ್ಲರೂ ಒಮ್ಮತದಿಂದ ತಪ್ಪು ಮುಚ್ಚಳದ್ದು, ಆಕೆಯದ್ದಲ್ಲ ಅಂದರು. ನಾನು ಕೋರ್ಟಿನ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನಗೆ ಬೇಕಾಗಿದ್ದದ್ದು ಅದೊಂದೇ ಮಾತು. ಈಗ ಅದನ್ನೇ ಕಿತ್ತುಕೊಳ್ಳಲು ಹೊರಟಿದ್ದರು.

ಡೆಲ್ಗಾಡೊ ನಿಧಾನವಾಗಿ ವಿವರಿಸಿದಳು. ಕುಕ್ಕರ್ ಸಿಡಿದಂಥ ಕೇಸು ಸಾಮಾನ್ಯವಾಗಿ ರಾಜ್ಯದ ಕೋರ್ಟಿನದು. ಫೆಡರಲ್ ಕೋರ್ಟು ಬಂದ ಕೇಸನ್ನೆಲ್ಲ ಕೇಳುವಂತಿಲ್ಲ, ಅದಕ್ಕೆ ಕಾನೂನೇ ಗೆರೆ ಹಾಕಿದೆ. ಕೇಸು ಹಾಕಿದವರು ಒಂದು ರಾಜ್ಯದವರು, ಎದುರಾಳಿ ಇನ್ನೊಂದು ರಾಜ್ಯದವರಾದರೆ ಇಂಥದ್ದನ್ನೂ ಕೇಳಬಹುದು. ನಾನು ಟೆಕ್ಸಸ್, ಕಂಪನಿ ಒಹಾಯೊ, ಅದಕ್ಕೇ ಕೇಳಿದರು. ಆದರೆ ಕೇಸು ಹಾಕಿದ ದಿನ ನಾವು ಮೈಸೂರಿನಲ್ಲಿದ್ದೆವು. ಹಿಂದಿನ ವರ್ಷವೇ ಕ್ಲಿಯರ್ ಲೇಕ್ ಮನೆ ಮಾರಿ ಅಲ್ಲಿಗೆ ಹೋಗಿದ್ದೆವು. ನಾನು ಅಲ್ಲೇ ಕಾಯಂ ಆಗಿ ಇರಲು ಹೋಗಿದ್ದರೆ, ಅಮೆರಿಕದ ಪ್ರಜೆ ಹೌದು, ಆದರೆ ಅಮೆರಿಕದ ಯಾವ ರಾಜ್ಯದವಳೂ ಅಲ್ಲ. ಪರದೇಶದವಳೂ ಅಲ್ಲ. ಅಂಥವರ ಕೇಸು ಕೇಳುವ ಹಕ್ಕೇ ಆ ಕೋರ್ಟಿಗಿಲ್ಲ. ಹಕ್ಕಿಲ್ಲದ ಕೋರ್ಟು ಕೊಟ್ಟ ತೀರ್ಪು ತೀರ್ಪೇ ಅಲ್ಲ. ಈ ತಕರಾರಿಗೆ ಅವಧಿಯೂ ಇಲ್ಲ, ಸೋತ ಮೇಲೂ ಎತ್ತಬಹುದಂತೆ. ಹಾಗಾದರೆ ಮುಂದೇನು ಅಂದೆ. ರಾಜ್ಯದ ಕೋರ್ಟಿನಲ್ಲಿ ಮತ್ತೆ ಮೊದಲಿನಿಂದ, ಹೊಸ ಜ್ಯೂರಿ, ಇನ್ನೂ ಮೂರೋ ನಾಲ್ಕೋ ವರ್ಷ ಅಂದಳು. ನನಗೆ ಅರವತ್ತೈದು.

ಕಾರ್ಡಿನಲ್ಲಿದ್ದ ಸಾಲು ನನಗೆ ಬಾಯಿಪಾಠ. ‘ಮೂವತ್ತು ವರ್ಷಗಳ ಅಮೆರಿಕ ವಾಸವನ್ನು ಮುಗಿಸಿ, ಶಾಶ್ವತವಾಗಿ ತಾಯ್ನಾಡಿನಲ್ಲಿ ನೆಲೆಸಲು ಬಂದಿರುವ ನಮ್ಮ ನೂತನ ಗೃಹದ ಪ್ರವೇಶ.’ ಪ್ರಹ್ಲಾದ್ ಅದನ್ನು ನಾಲ್ಕು ಸಲ ತಿದ್ದಿ ಬರೆದಿದ್ದರು. ‘ಶಾಶ್ವತವಾಗಿ’ ಅನ್ನುವುದನ್ನು ಮೂರನೇ ಸಲ ಸೇರಿಸಿದ್ದು. ಓದಿ ಹೇಳು ಅಂತ ನನ್ನ ಕೈಗೆ ಕೊಟ್ಟರು. ನಾನು ‘ಛಲೋ ಆಗೇದ’ ಅಂದಿದ್ದೆ.

“ಅಹಲ್ಯಾ, ಕೇಸು ಹಾಕಿದ ದಿನ ನಿಮ್ಮ ಮನಸ್ಸಿನಲ್ಲಿ ಏನಿತ್ತು?” ಡೆಲ್ಗಾಡೊ ಕೇಳಿದಳು. “ಅಲ್ಲೇ ಇರುವುದೋ, ವಾಪಸ್ ಬರುವುದೋ? ಎಲ್ಲ ಅದರ ಮೇಲೆಯೇ ನಿಂತಿದೆ.”

ಫೋನು ಸ್ಪೀಕರಿನಲ್ಲಿತ್ತು. ಪ್ರಹ್ಲಾದ್ ಪಕ್ಕದಲ್ಲೇ ಇದ್ದರು. ಅವರೇ ಉತ್ತರ ಕೊಟ್ಟರು, ಸುಳ್ಳು ಹೇಳಲು ಬಾರದ ಮನುಷ್ಯ, ನಾನು ಇರಲಿಕ್ಕೇ ಹೋಗಿದ್ದು ಅಂದರು. ನಾನು ಬಾಯಿ ಬಿಡಲಿಲ್ಲ.

ಯಾಕೆಂದರೆ ನಾನು ಇರಲು ಹೋಗಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಕೈ ಸುಟ್ಟ ಮೇಲೆ ಎಂಟು ತಿಂಗಳು ಈ ಮನುಷ್ಯ ನನಗೆ ತಲೆ ಬಾಚಿದರು, ಊಟ ಮಾಡಿಸಿದರು, ಸೀರೆಗೆ ಪಿನ್ ಹಾಕಿದರು. ಕೊನೆಗೆ ಒಂದು ದಿನ ‘ಊರಿಗೆ ಹೋಗಿಬಿಡೋಣ ಅಹಲ್ಯಾ’ ಅಂದಾಗ ಒಲ್ಲೆ ಅನ್ನಲು ನನಗೆ ಮುಖವಿರಲಿಲ್ಲ. ಹೂಂ ಅಂದೆ. ಹೂಂ ಅಂದು, ಕ್ಲಿಯರ್ ಲೇಕ್‌ನಲ್ಲಿ ಒಂದು ಸ್ಟೋರೇಜ್ ಕೋಣೆ ಬಾಡಿಗೆಗೆ ಹಿಡಿದೆ. ನನ್ನ ಪುಸ್ತಕ, ಆಸ್ಪತ್ರೆಯ ಕೋಟು, ನಮ್ಮ ಮಂಚ ಎಲ್ಲ ಅಲ್ಲಿಟ್ಟೆ, ಪ್ರಹ್ಲಾದ್‌ಗೆ ಮಾರಿದೆ ಅಂದೆ. ಸೂಜಿ ಹಿಡಿಯಲಾರದ ಕೈಗೆ ಟೆಕ್ಸಸ್‌ನ ಡಾಕ್ಟರ್ ಲೈಸೆನ್ಸನ್ನು ರಿನ್ಯೂ ಮಾಡಿಸಿಕೊಂಡೆ. ಹ್ಯಾಂಡ್‌ಬ್ಯಾಗಿನ ಒಳಜಿಪ್ಪಿನಲ್ಲಿ ವಾಪಸ್ ಟಿಕೆಟ್ ಇಟ್ಟುಕೊಂಡೇ ವಿಮಾನ ಹತ್ತಿದೆ. ಮೈಸೂರಿನಲ್ಲಿ ಇವರು ಹುಡುಗನಾಗಿಬಿಟ್ಟರು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ, ಆಮೇಲೆ ಹಳೆಯ ಗೆಳೆಯರ ಜೊತೆ ದೋಸೆ, ಸಂಜೆ ಹೂವಿನ ಕುಂಡ. ನಾನು ಟಿಕೆಟ್ಟಿನ ದಿನಾಂಕ ಮುಂದಕ್ಕೆ ಹಾಕಿಸುತ್ತಾ ಹದಿನಾಲ್ಕು ತಿಂಗಳು ಕಳೆದೆ. ಕೊನೆಗೆ ಕೇಸಿಗೆ ನಾನು ಅಲ್ಲೇ ಇರಬೇಕಂತೆ ಅಂತ ನೆಪ ಹೇಳಿ ಹೊರಡಿಸಿದೆ. ಕೈಯ ಚಿಕಿತ್ಸೆಗೆ ಅನುಕೂಲವೆಂದು ಆಸ್ಟಿನ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಕೇಸು ಮುಗಿದ ಕೂಡಲೇ ಮೈಸೂರಿಗೆ ಹೊರಡೋಣ ಅಂತ ಇವರು ಇವತ್ತಿಗೂ ಹೇಳುತ್ತಾರೆ.

ಈಗ ನೋಡಿ ನನ್ನ ಗತಿ. ನಿಜ ಹೇಳಿದರೆ ತೀರ್ಪು ಉಳಿಯುತ್ತದೆ, ಆದರೆ ಹದಿನಾಲ್ಕು ತಿಂಗಳು ನಾನು ಆಡಿದ ನಾಟಕ ಗಂಡನಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ನಾನು ಮತ್ತೆ ಅವಸರದ ಹೆಂಗಸು.

ಇದನ್ನು ಯೋಚಿಸುವುದು ಕಷ್ಟವಾಗಿತ್ತು. ಕಾರ್ಡು ಕೊಟ್ಟವರನ್ನು ಹುಡುಕುವುದು ಸುಲಭವಾಗಿತ್ತು. ನನ್ನ ಅನುಮಾನ ನೆಟ್ಟಗೆ ನಾಗರಾಜ್ ಮೇಲೆ ಹೋಯಿತು. ಕ್ಲಿಯರ್ ಲೇಕ್‌ನಲ್ಲಿ ಇಪ್ಪತ್ತು ವರ್ಷ ನಮ್ಮ ಪಕ್ಕದ ರಸ್ತೆಯವರು, ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್ ಆಗಿ ನಿವೃತ್ತಿಯಾದವರು. ನಮ್ಮನ್ನು ಕಳಿಸಿಕೊಡುವ ಸಮಾರಂಭ ಮಾಡಿ ಪ್ರಹ್ಲಾದ್ ತಲೆಗೆ ಮೈಸೂರು ಪೇಟ ತೊಡಿಸಿದ್ದೇ ಅವರು. ಕಾರ್ಡು ಅವರಿಗೂ ಹೋಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಮಗಳು ಇಶಾ ಡಲ್ಲಾಸ್‌ನಲ್ಲಿ ದೊಡ್ಡ ವಕೀಲರ ಆಫೀಸಿನಲ್ಲಿದ್ದಾಳೆ. ಕಂಪನಿಯ ವಕೀಲರೂ ಡಲ್ಲಾಸ್‌ನವರೇ. ಆಸ್ಪತ್ರೆಯಲ್ಲಿ ಡಾಕ್ಟರುಗಳು ಹೇಗೆ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುತ್ತಾರೋ ನನಗೆ ಗೊತ್ತಿಲ್ಲವೇ, ವಕೀಲರೇನು ಮೇಲಿಂದ ಇಳಿದು ಬಂದವರೇ!

ನಾಗರಾಜ್ ಫೋನ್ ಮಾಡಿದರೆ ಎತ್ತುವುದನ್ನು ನಿಲ್ಲಿಸಿದೆ. ಯುಗಾದಿಗೆ ಕರೆದರು, ಹೋಗಲಿಲ್ಲ. “ಪಾಪ ಅವನಿಗ್ಯಾಕೆ ಇದೆಲ್ಲ, ಬಿಡು ಅಹಲ್ಯಾ,” ಅಂದರು ಪ್ರಹ್ಲಾದ್. ಅವರು ಯಾರನ್ನು ತಾನೇ ಪಾಪ ಅನ್ನುವುದಿಲ್ಲ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ, ಕೈ ತೋರಿಸಲು ಡಲ್ಲಾಸ್‌ಗೆ ಹೋಗುತ್ತೇನೆ ಅಂತ ಅವರಿಗೆ ಹೇಳಿ ಹೊರಟೆ. ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು ನಾಲ್ಕು ಗಂಟೆ ಡ್ರೈವ್ ಮಾಡಿದೆ, ದಾರಿಯುದ್ದಕ್ಕೂ ಆ ಹುಡುಗಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಂಡೆ.

ಇಶಾಳ ಆಫೀಸು ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನ ಕಾಲುವೆಯ ಪಕ್ಕದಲ್ಲಿದೆ. ಕೆಳಗೆ ಬಂದು ಕಾಫಿ ಕೊಡಿಸಿದಳು. ನಾನು ಕಾಫಿ ಮುಟ್ಟದೆ, ನಮ್ಮ ಕಾರ್ಡನ್ನು ಕಂಪನಿಗೆ ಯಾರು ಕೊಟ್ಟರು ಹೇಳು ಅಂದೆ. ಅವಳು ಸಿಟ್ಟಾಗಲಿಲ್ಲ, ಅದೇ ನನಗೆ ಇನ್ನಷ್ಟು ಅನುಮಾನ ಹುಟ್ಟಿಸಿತು. ಫೋನು ತೆಗೆದು ಒಂದು ನಿಮಿಷ ಹುಡುಕಿ ನನ್ನ ಮುಂದೆ ಹಿಡಿದಳು. ಹ್ಯೂಸ್ಟನ್ನಿನ ಕನ್ನಡ ಸಂಘದ ವೆಬ್‌ಸೈಟು. ಅಲ್ಲಿ ಗೃಹಪ್ರವೇಶದ ಕಾರ್ಡಿನ ದೊಡ್ಡ ಫೋಟೊ, ಕೆಳಗೆ ‘ವಿದಾಯ ಅಮೆರಿಕ’ ಎಂಬ ಎರಡು ಪುಟದ ಲೇಖನ, ಜೊತೆಗೆ ಪೇಟ ಧರಿಸಿ ಭಾಷಣ ಮಾಡುತ್ತಿರುವ ವಿಡಿಯೊ. ಎಲ್ಲವನ್ನೂ ಹಾಕಿದವರು ಪ್ರಹ್ಲಾದ್. ಹೆಸರು ಟೈಪ್ ಮಾಡಿದರೆ ಮೊದಲು ಬರುವುದೇ ಇದು ಆಂಟಿ, ಅನುವಾದ ಯಂತ್ರವೇ ಮಾಡುತ್ತದೆ ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ, ಅಪ್ಪ ವಾರ ವಾರ ಕೇಳುತ್ತಾರೆ, ಅಹಲ್ಯಾ ಯಾಕೆ ಫೋನ್ ಎತ್ತುತ್ತಿಲ್ಲ ಅಂತ, ಏನು ಹೇಳಲಿ ಅಂದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದ್ದು ಹೊರಡುವಾಗ ಅವಳು ಮೆಲ್ಲಗೆ, ಈ ಸಲ ಕನ್ನಡದಲ್ಲೇ, “ಆಂಟಿ, ನಾನು ನಿಮ್ಮ ಲಾಯರ್ ಅಲ್ಲ. ಆದ್ರೆ ಒಂದು ಹೇಳ್ತೀನಿ. ಲಾ ಪ್ರಕಾರ ಗಂಡ ಹೆಂಡ್ತಿ ಇಬ್ರಿಗೂ ಒಂದೇ ಊರು ಇರಬೇಕು ಅಂತ ಇಲ್ಲ,” ಅಂದಳು.

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ವೇಕೊ ಊರಿನ ಹತ್ತಿರ ರಸ್ತೆ ಕಾಮಗಾರಿ, ಒಂದು ಗಂಟೆ ಕಾರು ಕದಲಲಿಲ್ಲ. ಅಲ್ಲೇ ಕೂತು ಡೆಲ್ಗಾಡೊಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ಟೋರೇಜ್ ಕೋಣೆ, ಲೈಸೆನ್ಸು, ಟಿಕೆಟ್. ಅವಳು, ಇದನ್ನು ಜನವರಿಯಲ್ಲೇ ಯಾಕೆ ಹೇಳಲಿಲ್ಲ ಅಂದಳು. ಸ್ಪೀಕರ್ ಆನ್ ಆಗಿತ್ತು ಅಂದೆ. ಕಾಗದಪತ್ರ ಯಾವುದೂ ಮನೆಗೆ ಬರಕೂಡದು, ಮನೆಯ ಇಮೇಲಿಗೂ ಬರಕೂಡದು ಅಂತ ತಾಕೀತು ಮಾಡಿದೆ.

ಅಲ್ಲಿಂದ ಎರಡು ತಿಂಗಳು ನಾನು ಪ್ರಹ್ಲಾದ್ ಮುಖವನ್ನೇ ಓದುತ್ತಿದ್ದೆ. ಫೋನಿಗೆ ಕೈ ಹಾಕಿದರೆ ಅನುಮಾನ, ಟಪಾಲು ತರಲು ಎದ್ದರೆ ಅನುಮಾನ. ಒಂದು ದಿನ ನಾನಿನ್ನೂ ಮಲಗಿರುವಾಗಲೇ ಒಂದು ಲಕೋಟೆ ತೆರೆದು ನೋಡಿ ಹರಿದು ಹಾಕಿದ್ದರು. ಕಸದ ಬುಟ್ಟಿಯಿಂದ ಆ ಚೂರುಗಳನ್ನು ಆರಿಸಿ ಟೇಬಲ್ಲಿನ ಮೇಲೆ ಹೊಂದಿಸಿದೆ. ಹಲ್ಲಿನ ಡಾಕ್ಟರ ಜಾಹೀರಾತು. ನಾಚಿಕೆಯಾಯಿತು, ಆದರೂ ಮರುದಿನ ಮತ್ತೆ ಬುಟ್ಟಿ ನೋಡಿದೆ.

ಜೂನಿನಲ್ಲಿ ಹ್ಯೂಸ್ಟನ್ನಿನಲ್ಲಿ ವಿಚಾರಣೆ ಬಂತು. ಕಾರ್ಡು ಬರೆದವರೆಂದು ಕಂಪನಿಯವರು ಪ್ರಹ್ಲಾದ್‌ರನ್ನು ತಮ್ಮ ಸಾಕ್ಷಿಯಾಗಿ ಕರೆಸಿದ್ದರು. ಅಲ್ಲಿ ಒಂದು ನಿಯಮವಿದೆ, ಒಬ್ಬ ಸಾಕ್ಷಿ ಹೇಳುವುದನ್ನು ಇನ್ನೊಬ್ಬ ಸಾಕ್ಷಿ ಕೇಳಿಸಿಕೊಳ್ಳಬಾರದು. ಕೇಸು ನನ್ನದಾದ್ದರಿಂದ ನಾನು ಪೂರ್ತಿ ಒಳಗೆ ಕೂರಬಹುದು, ಅವರು ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಕಾಯಬೇಕು. ನನಗೆ ಹೋದ ಜೀವ ಬಂದಂತಾಯಿತು. ಬಾಗಿಲು ಮುಚ್ಚುವ ಮೊದಲು ಅವರು ನನ್ನ ಬಲಗೈ ಮೇಲೆ ಒಮ್ಮೆ ಕೈಯಿಟ್ಟು ಹೊರಗೆ ಹೋದರು.

ಸಾಕ್ಷಿಕಟ್ಟೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಡೆಲ್ಗಾಡೊ ಟಿಕೆಟ್ಟನ್ನೂ ಲೈಸೆನ್ಸನ್ನೂ ತೋರಿಸಿದಳು. ಕಂಪನಿಯ ವಕೀಲ ಎದ್ದ. ಬಹಳ ಮರ್ಯಾದೆಯ ದನಿ. ಅಂದರೆ ಹದಿನಾಲ್ಕು ತಿಂಗಳು ಒಂದೇ ಮನೆಯಲ್ಲಿದ್ದ ಗಂಡನಿಗೆ ನೀವು ಸುಳ್ಳು ಹೇಳಿದ್ದೀರಿ, ಇವತ್ತು ಕೇಸು ಉಳಿಸಿಕೊಳ್ಳಲು ಈ ಕೋರ್ಟಿಗೆ ಹೇಳುತ್ತಿಲ್ಲ ಎನ್ನುವುದಕ್ಕೆ ಏನು ಖಾತರಿ ಅಂದ. ಹೇಳದೆ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ ಅಂದೆ. ಹಾಗಾದರೆ ಮಂಚ ಮಾರಿದೆ ಅಂದಿದ್ದು ಯಾವುದು ಅಂದ. ಜಡ್ಜು, ನನ್ನದೇ ವಯಸ್ಸಿನ ಹೆಂಗಸು, ಏನೋ ಬರೆದುಕೊಂಡಳು. ನನ್ನ ಮಾತನ್ನು ಆಕೆ ನಂಬಲಿಲ್ಲ ಅಂತ ನನಗೆ ಅಲ್ಲೇ ಖಚಿತವಾಯಿತು. ನಾನಾಗಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಮೇಲೆ ಪ್ರಹ್ಲಾದ್‌ರನ್ನು ಒಳಗೆ ಕರೆದರು. ಬಿಳಿ ಅಂಗಿ, ಕೈಯಲ್ಲಿ ಓದುವ ಕನ್ನಡಕ. ಕಾರ್ಡು ನೀವೇ ಬರೆದದ್ದೇ? ಹೌದು, ಒಂದೊಂದು ಅಕ್ಷರವನ್ನೂ. ಕಾಯಂ ಇರಲು ಹೋಗಿದ್ದಿರೇ? ಹೌದು. ವಕೀಲ ನನ್ನತ್ತ ಒಮ್ಮೆ ನೋಡಿ, ನಿಮ್ಮ ಹೆಂಡತಿಯೂ ಅಷ್ಟೇ ಅಲ್ಲವೇ ಅಂದ. ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು ಅಂದುಕೊಂಡೆ.

ಇಲ್ಲ, ನಾನು ಮಾತ್ರ ಅಂದರು ಪ್ರಹ್ಲಾದ್. ಅವಳು ಇರಲು ಬಂದಿರಲಿಲ್ಲ.

ವಕೀಲ ತಡವರಿಸಿದ. ಅದು ನಿಮಗೆ ಹೇಗೆ ಗೊತ್ತು ಅಂದ. 2022ರ ಫೆಬ್ರವರಿಯಲ್ಲಿ ಹ್ಯೂಸ್ಟನ್ನಿನ ಸ್ಟೋರೇಜಿನವರು ಮೈಸೂರಿಗೆ ಫೋನ್ ಮಾಡಿದ್ದರಂತೆ. ನನ್ನ ಕ್ರೆಡಿಟ್ ಕಾರ್ಡಿನ ಅವಧಿ ಮುಗಿದಿತ್ತು, ಫಾರಂನಲ್ಲಿ ಎರಡನೇ ನಂಬರು ಅಂತ ಅಭ್ಯಾಸಬಲದಿಂದ ನಾನು ಅವರದನ್ನೇ ಬರೆದುಕೊಟ್ಟಿದ್ದೆ. ಬಾಡಿಗೆ ಕಟ್ಟದಿದ್ದರೆ ಸಾಮಾನು ಹರಾಜು ಹಾಕುತ್ತೇವೆ ಅಂದರಂತೆ. ಏನೇನಿದೆ ಅಂತ ಕೇಳಿ, ಇವರು ತಮ್ಮ ಕಾರ್ಡಿನ ನಂಬರು ಕೊಟ್ಟರಂತೆ. ಅವತ್ತಿನಿಂದ ಇವತ್ತಿನವರೆಗೂ ಅದರಲ್ಲೇ ಹೋಗುತ್ತಿದೆಯಂತೆ. ಡೆಲ್ಗಾಡೊ ಕೈಯಲ್ಲಿದ್ದ ಸ್ಟೋರೇಜಿನ ಕಾಗದ ತಿರುವಿ ನೋಡಿದಳು. ಫೆಬ್ರವರಿಯ ಹೊತ್ತಿಗೆ ಕ್ರೆಡಿಟ್ ಕಾರ್ಡಿನ ಕೊನೆಯ ನಾಲ್ಕು ಅಂಕಿ ಬದಲಾಗಿದ್ದವು, ಅದನ್ನು ಅವಳೂ ನಾನೂ ಗಮನಿಸಿರಲಿಲ್ಲ. ಎಲ್ಲವನ್ನೂ ಎರಡು ಸಲ ನೋಡುವ ನಾನು!

ಜಡ್ಜು ಪೆನ್ನು ಕೆಳಗಿಟ್ಟಳು. ವಕೀಲರನ್ನು ಬಿಟ್ಟು ತಾನೇ ಕೇಳಿದಳು, ಗೊತ್ತಾದ ಮೇಲೆ ಹೆಂಡತಿಯನ್ನು ಯಾಕೆ ಕೇಳಲಿಲ್ಲ ಅಂತ.

ಪ್ರಹ್ಲಾದ್ ಕನ್ನಡಕ ಮಡಚಿ ಜೇಬಿಗಿಟ್ಟರು.

“ಕೇಳಿದ್ದರೆ ಹೇಳಿಬಿಡುತ್ತಿದ್ದಳು, ಯುವರ್ ಆನರ್.”

ಕಾರು ಪಾರ್ಕಿಂಗಿನಿಂದ ಹೊರಗೆ ಬಂತು. ನಾನೇ, “ಒಂದ್ ಮಾತು ಬೈಬಾರದಿತ್ತೇನ್ರೀ ನನಗ?” ಅಂದೆ. ಅಳು ಬಂದಿತ್ತು. ಅವರು ಸಿಗ್ನಲ್ ನೋಡುತ್ತಾ ಹೇಳಿದರು:

“ಜನ ನಿನ್ನನ್ನ ಅವಸರದವಳು ಅಂದಾಗೆಲ್ಲ ನಂಗೆ ಒಳಗೊಳಗೇ ನಗು ಬರ್ತಿತ್ತು ಅಹಲ್ಯಾ. ಹದಿನಾಲ್ಕು ತಿಂಗಳು ಕಾದವಳು ನೀನು.”

ಐದು ವರ್ಷದಿಂದ ಅವರ ಬಾಯಿಂದ ನಾನು ಕೇಳಬೇಕೆಂದಿದ್ದ ಮಾತು ಅದೇ. ಬಂದ ರೀತಿ ಮಾತ್ರ ಹೀಗೆ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಅಲ್ಲಿಂದ ನೇರ ಕ್ಲಿಯರ್ ಲೇಕ್‌ಗೆ, ನಾಗರಾಜ್ ಮನೆಗೆ ಹೋಗೋಣ ಅಂತ ನಾನೇ ಅಂದೆ. ಬಾಗಿಲು ತೆಗೆದವರು ನನ್ನನ್ನು ಒಂದು ಕ್ಷಣ ನೋಡಿ, “ಏನಮ್ಮ, ಫೋನ್ ಕೆಟ್ಟಿತ್ತಾ?” ಅಂದರು. ಫೋನಲ್ಲ ನಾಗರಾಜ್, ತಲೆ ಕೆಟ್ಟಿತ್ತು ಅಂದೆ. ಅವರು ಮತ್ತೇನೂ ಕೇಳದೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಲು ಒಳಗೆ ಹೋದರು. ಅಂಥವರ ಮೇಲೆ ಅನುಮಾನಪಟ್ಟೆನಲ್ಲ ಅಂದುಕೊಳ್ಳುತ್ತಾ ತಟ್ಟೆ ಹಾಕಲು ಎದ್ದೆ.

ಆಗಸ್ಟಿನಲ್ಲಿ ಆದೇಶ ಬಂತು. ಕೇಸು ಹಾಕಿದ ದಿನ ಅಹಲ್ಯಾ ಟೆಕ್ಸಸ್‌ನವಳೇ ಆಗಿದ್ದಳು, ಕೋರ್ಟಿಗೆ ಹಕ್ಕಿತ್ತು, ಜ್ಯೂರಿಯ ತೀರ್ಪು ನಿಲ್ಲುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಆಕೆಯ ಗಂಡನ ನೆಲೆ ಅಂದು ಮೈಸೂರಾಗಿತ್ತೆಂಬುದನ್ನು ಕೋರ್ಟು ಒಪ್ಪುತ್ತದೆ, ಆದರೆ ಅದರಿಂದ ಈ ಕೇಸಿಗೆ ವ್ಯತ್ಯಾಸವಾಗುವುದಿಲ್ಲ. ಪ್ರಹ್ಲಾದ್ ಆ ಸಾಲನ್ನು ಎರಡು ಸಲ ಓದಿದರು. ಓದಿ, ಸರಿಯಾಗಿ ಬರೆದಿದ್ದಾರೆ ಅಂದರು. ನಾನು ಪಾಯಸ ಮಾಡಿದೆ, ಒಲೆಯ ಮೇಲೆ, ತೆರೆದ ಪಾತ್ರೆಯಲ್ಲಿ.

ಸೆಪ್ಟೆಂಬರಿನಲ್ಲಿ ಅವರು ಮೈಸೂರಿಗೆ ಹೊರಟರು. ಅಲ್ಲಿಯ ನಮ್ಮ ಫ್ಲಾಟಿನ ಗೋಡೆಗೆ ನೀರು ಇಳಿದಿದೆಯಂತೆ, ಒಂದು ತಿಂಗಳ ಕೆಲಸ, ದೀಪಾವಳಿಗೆ ಇಲ್ಲೇ ಇರುತ್ತೇನೆ ಅಂದರು. ನಾನು ಹೂಂ ಅಂದೆ. ಹೊರಡುವ ದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದರು. ಅವರ ಕೈಚೀಲ ಸೋಫಾದ ಮೇಲಿತ್ತು. ಬೇಡ ಬೇಡ ಅಂದುಕೊಳ್ಳುತ್ತಲೇ ಒಳಜಿಪ್ಪು ಎಳೆದೆ. ಪಾಸ್‌ಪೋರ್ಟು, ಮಾತ್ರೆ ಡಬ್ಬಿ, ಮಡಚಿದ ಟಿಕೆಟ್. ಆಸ್ಟಿನ್‌ನಿಂದ ಬೆಂಗಳೂರು. ತಿರುಗಿಸಿ ನೋಡಿದೆ, ಹಾಳೆಯ ಹಿಂದೆ ಏನೂ ಇರಲಿಲ್ಲ. ಇನ್ನೊಂದು ಹಾಳೆ ಇರಬೇಕೆಂದು ಚೀಲವನ್ನೆಲ್ಲ ಹುಡುಕಿದೆ. ವಾಪಸ್ ಟಿಕೆಟ್ ಇರಲಿಲ್ಲ.

ನೀರಿನ ಸದ್ದು ನಿಂತಿತು. ಎಲ್ಲವನ್ನೂ ಇದ್ದ ಹಾಗೇ ಇಟ್ಟು ಜಿಪ್ಪು ಹಾಕಿದೆ. ಅವರು ತಲೆ ಒರೆಸಿಕೊಳ್ಳುತ್ತಾ ಬಂದು, “ಏನಾದ್ರೂ ಮರ್ತಿದ್ದೀನಾ ನೋಡು,” ಅಂದರು. ಎಲ್ಲಾ ಅದ ಅಂದೆ.

ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿದೆ. ದಾರಿಯಲ್ಲಿ ನಾಲ್ಕು ಸಲ ಬಾಯಿಗೆ ಬಂತು. ಕೇಳಲಿಲ್ಲ. ಸುಳ್ಳು ಹೇಳಲು ಬಾರದ ಮನುಷ್ಯ, ಕೇಳಿದರೆ ಹೇಳಿಬಿಡುತ್ತಾರೆ.